ಕಾತ್ಯಾಯಿನಿಯ ಮುಡಿಪು

ಕಾತ್ಯಾಯಿನಿ ಅಂಗಡಿಗೆ ಬರುವ ಮೊದಲೇ ವ್ಯಾಪಾರ ಮುಗಿಸಿರುತ್ತಿದ್ದಳು. ಕಳಸದ ಪೇಟೆಯಲ್ಲಿ ಪಾತ್ರೆ ಅಂಗಡಿ ಇಟ್ಟವರ ಮನೆಯವಳಾಗಿ ಹೇಳುತ್ತೇನೆ, ಅಂಥ ಗಿರಾಕಿಗಳು ಹತ್ತು ಜನ ಇದ್ದಿದ್ದರೆ ನಾವು ಬಾಗಿಲು ಮುಚ್ಚಿ ಬೇರೆ ಕಸುಬು ನೋಡಿಕೊಳ್ಳಬೇಕಾಗುತ್ತಿತ್ತು. ಸೌಟು ಬೇಕೆಂದು ಬಂದರೆ ಸೌಟು ಮಾತ್ರ ಕೊಂಡು ಹೋಗುತ್ತಿದ್ದಳು. ಪಕ್ಕದಲ್ಲೇ ಹೊಳೆಯುತ್ತಿದ್ದ ಡಬ್ಬಗಳ ಕಡೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ನನ್ನ ಯಜಮಾನರು ಸೋಮಶೇಖರಪ್ಪನವರು ಮಾತಿನಲ್ಲೇ ಮರಳಿನಿಂದ ಎಣ್ಣೆ ತೆಗೆಯುವವರು. ಅವರಿಗೂ ಅವಳ ಎದುರು ಬಾಯಿ ಕಟ್ಟುತ್ತಿತ್ತು.

"ಕಾತ್ಯಾಯಿನಮ್ಮ, ಹೊಸ ನಮೂನೆ ಇಡ್ಲಿ ಪಾತ್ರೆ ಬಂದಿದೆ. ಸುಮ್ನೆ ನೋಡಿ, ತಗೊಳ್ಳಿ ಅನ್ನಲ್ಲ."

"ನೋಡೋಕೆ ಅಂತ ಇನ್ನೊಂದಿನ ಬರ್ತೀನಿ. ಇವತ್ತು ಸೌಟಿಗೆ ಬಂದಿದೀನಿ."

ಅದರ ಗುಟ್ಟು ನನಗೆ ಗೊತ್ತಿತ್ತು. ನಮ್ಮ ಮನೆ ಅಂಗಡಿಯ ಹಿಂಭಾಗದಲ್ಲಿ, ಅವರದು ಪಕ್ಕದ ಓಣಿಯ ಮೊದಲ ಮನೆ. ನಾವಿಬ್ಬರೂ ಒಂದೇ ವರ್ಷ ಕಳಸಕ್ಕೆ ಸೊಸೆಯರಾಗಿ ಬಂದವರು. ನಾನು ಬೀರೂರಿನ ಕಡೆಯಿಂದ, ಅವಳು ಗೋಣಿಬೀಡಿನಿಂದ. ಜಾತಿ ಬೇರೆ, ಅಡುಗೆ ಬೇರೆ, ಆದರೆ ಹಿತ್ತಿಲ ಬೇಲಿ ಒಂದೇ. ಪೇಟೆಗೆ ಹೊರಡುವ ಮುಂಚೆ ಅವಳು ಜಗಲಿಯ ಮೇಲೆ ಕೂತು ಒಬ್ಬಳೇ ಮಾತಾಡಿಕೊಳ್ಳುತ್ತಿದ್ದಳು. ಅಂಗಡಿಯವನು ಹೀಗೆ ಅಂದರೆ ತಾನು ಹೀಗೆ ಅನ್ನುವುದು. ತೊಗರಿಬೇಳೆ ಚೆನ್ನಾಗಿಲ್ಲದಿದ್ದರೆ ಎದುರು ಅಂಗಡಿ. ಅಲ್ಲೂ ಹುಳ ಬಿದ್ದಿದ್ದರೆ ಈ ವಾರ ಹೆಸರುಬೇಳೆಯಲ್ಲೇ ಸಾರು. ಹೀಗೆ ಪ್ರಶ್ನೆಯನ್ನೂ ಉತ್ತರವನ್ನೂ ತಾನೇ ಹೇಳಿಕೊಂಡು, ಒಂದೊಂದು ಸಾಮಾನಿಗೆ ಸೆರಗಿನ ತುದಿಯಲ್ಲಿ ಒಂದೊಂದು ಗಂಟು ಹಾಕಿಕೊಂಡು ಏಳುತ್ತಿದ್ದಳು. ಕೊಂಡ ಕೂಡಲೇ ಒಂದು ಗಂಟು ಬಿಚ್ಚುವುದು. ಗಂಟು ಮುಗಿದರೆ ಪೇಟೆ ಮುಗಿಯಿತು. ಆಮೇಲೆ ದೇವೇಂದ್ರನೇ ಬಂದು ಅಂಗಡಿ ಹಾಕಿದರೂ ಅವಳು ನಿಲ್ಲುವವಳಲ್ಲ.

"ಒಬ್ಳೇ ಮಾತಾಡ್ತೀಯಲ್ಲ ಮಾರಾಯ್ತಿ, ನೋಡಿದವ್ರು ಏನಂದ್ಕೋಬೇಕು?" ಎಂದು ನಾನು ಬೇಲಿಯಾಚೆಯಿಂದ ಛೇಡಿಸುತ್ತಿದ್ದೆ.

"ಅಂಗಡೀಲಿ ನಿಂತು ಯೋಚನೆ ಮಾಡಿದ್ರೆ ಅಂಗಡಿಯವ್ರ ಯೋಚನೇನೇ ನಮ್ಮ ತಲೆಗೆ ಬರೋದು ರುದ್ರಾಣಿ. ಮನೇಲಿ ಮಾಡಿದ್ರೆ ಅದು ನಮ್ದು" ಎನ್ನುತ್ತಿದ್ದಳು. ಅಂಗಡಿಯವರ ಹೆಂಡತಿಯ ಮುಖಕ್ಕೇ ಹೇಳುವ ಮಾತೇ ಅದು?

ಇಂಥವಳಿಗೆ ಗಂಟುಬಿದ್ದ ಗಂಡ ರಮಾಕಾಂತ ಭಟ್ಟರು. ಊರಿನ ನಾಲ್ಕು ಮನೆಗಳಲ್ಲಿ ಪೌರೋಹಿತ್ಯ ಮಾಡಿಕೊಂಡಿದ್ದವರು. ಒಳ್ಳೆಯವರು ಎಂದರೆ ಸಿಟ್ಟು ಬರುವಷ್ಟು ಒಳ್ಳೆಯವರು. ನೂರಾರು ಮಂತ್ರ ಹೊರಳುತ್ತಿದ್ದ ಆ ನಾಲಿಗೆಯಲ್ಲಿ 'ಇಲ್ಲ' ಎಂಬ ಎರಡು ಅಕ್ಷರ ಹೊರಳುತ್ತಿರಲಿಲ್ಲ. ಅದರಲ್ಲೂ ಯಾರದ್ದಾದರೂ ಕಾಫಿ ಕುಡಿದರೋ, ಮುಗಿಯಿತು. ನಮ್ಮ ಕಡೆ ಕಾಫಿ ಕೊಡದೆ ಯಾರನ್ನೂ ಕಳಿಸುವುದಿಲ್ಲ. ಕಾಫಿ ಕುಡಿದು ಏನೂ ಕೊಳ್ಳದೆ ಎದ್ದು ಬರುವುದು ಭಟ್ಟರ ಲೆಕ್ಕದಲ್ಲಿ ಉಂಡ ಮನೆಗೆ ಎರಡು ಬಗೆದ ಹಾಗೆ. ಇದು ನನ್ನ ಯಜಮಾನರಿಗೆ ಚೆನ್ನಾಗಿ ಗೊತ್ತಿತ್ತು. ಭಟ್ಟರು ಅಂಗಡಿಯ ಮುಂದೆ ಹಾದರೆ ಸಾಕು, "ಭಟ್ರೇ, ಬನ್ನಿ, ಒಂದು ಲೋಟ ಕಾಫಿ ಕುಡ್ಕೊಂಡು ಹೋಗಿ" ಎಂದು ಕರೆಯುತ್ತಿದ್ದರು. ಆ ಕಾಫಿ ಮಾಡುತ್ತಿದ್ದವಳು ನಾನೇ. ವ್ಯಾಪಾರ ವ್ಯಾಪಾರವೇ, ನನಗೇನೂ ನಾಚಿಕೆಯಿಲ್ಲ. ಒಮ್ಮೆ ದೀಪದ ಬತ್ತಿ ಕೊಳ್ಳಲು ಪೇಟೆಗೆ ಬಂದವರು ನಮ್ಮಲ್ಲಿಂದ ಶಾವಿಗೆ ಒತ್ತುವ ಮಿಷನ್ ಹೊತ್ತುಕೊಂಡು ಹೋದರು. ಅವರ ಮನೆಯಲ್ಲಿ ಆಗಲೇ ಎರಡಿದ್ದವು. ಮಾರನೇ ದಿನ ಕಾತ್ಯಾಯಿನಿ ಅದನ್ನು ತಂದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, "ಇದು ನಿಮ್ಮ ಕಾಫಿ ಜೊತೆ ಬಂದಿತ್ತು. ಕಾಫಿ ವಾಪಸ್ ಕೊಡೋಕಾಗಲ್ಲ, ಇದನ್ನ ಇಟ್ಕೊಳ್ಳಿ" ಎಂದಳು. ಯಜಮಾನರು ಅದನ್ನು ವಾಪಸ್ ತೆಗೆದುಕೊಂಡು ದುಡ್ಡು ಎಣಿಸಿ ಕೊಟ್ಟರು.

ಆಮೇಲೆ ಅವಳು ಗಂಡನಿಗೂ ಉತ್ತರ ಕಲಿಸಿದಳು. ಯಾರಾದರೂ ಕಾಫಿಗೆ ಕರೆದರೆ 'ಇವತ್ತು ಉಪವಾಸ' ಅನ್ನಬೇಕು. ಪುರೋಹಿತರಿಗೆ ಉಪವಾಸ ಎಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಕಾಫಿ ಇಲ್ಲದಿದ್ದರೆ ದಾಕ್ಷಿಣ್ಯವೂ ಇಲ್ಲ. ಉಪಾಯವೇನೋ ಸೊಗಸಾಗಿತ್ತು. ಭಟ್ಟರು ಮರುದಿನವೇ ಬಂದರು. ಯಜಮಾನರು ಕರೆದರು. ಭಟ್ಟರು ಬಾಗಿಲಲ್ಲೇ ನಿಂತು, ಶಾಲೆಯ ಮಗ್ಗಿ ಒಪ್ಪಿಸುವವರಂತೆ, "ಇವತ್ತು ಉಪವಾಸ" ಎಂದರು. ಯಜಮಾನರ ಮುಖ ಸಪ್ಪಗಾಯಿತು. ಅದನ್ನು ನೋಡಿ ಭಟ್ಟರ ಜೀವ ತಡೆಯಲಿಲ್ಲ.

"ಉಪವಾಸ, ಹಾಗಾಗಿ ಅರ್ಧ ಲೋಟ ಸಾಕು" ಎಂದುಬಿಟ್ಟರು.

ಊರೆಲ್ಲ ಆ ಮಾತನ್ನು ಹೇಳಿಕೊಂಡು ನಕ್ಕಿತು. ನಾನೂ ಬೇಲಿಯ ಹತ್ತಿರ ನಿಂತು ನಗುತ್ತಾ, "ನಿನ್ನ ಗಂಡನ ಕತೆ ಹೇಗೆ ಗೊತ್ತಾ, ದಾಕ್ಷಿಣ್ಯಕ್ಕೆ ಬಸುರಾದ್ರೆ..." ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ಗಾದೆಯ ಉಳಿದರ್ಧ 'ಹೆರೋಕೆ ಜಾಗ ಇಲ್ಲ' ಎಂದು ಎಲ್ಲರಿಗೂ ಗೊತ್ತು. ಆದರೆ ಅವರಿಗೆ ಮಕ್ಕಳಾಗಿರಲಿಲ್ಲ. ಮದುವೆಯಾದ ಮೊದಮೊದಲು ವೈದ್ಯರು, ದೇವರು, ದಿಂಡರು ಎಂದು ಎಲ್ಲ ಕಡೆ ಹೋಗಿ ಬಂದು, ಒಂದು ದಿನ ಇಬ್ಬರೂ ಆ ಮಾತು ನಿಲ್ಲಿಸಿದ್ದರು. ಆ ಮನೆಯಲ್ಲಿ ಬೇಕಾದ್ದು ಆಡಬಹುದಿತ್ತು, ಬಸುರು, ಬಾಣಂತನದ ಮಾತೊಂದನ್ನು ಬಿಟ್ಟು. ಕಾತ್ಯಾಯಿನಿ ಬೆಂಡೆಕಾಯಿ ಕೊಯ್ಯುತ್ತಾ ಆಚೆಗೆ ಹೋದಳು.

ಅವಳಿಗೆ ಉಬ್ಬಸ ಶುರುವಾದದ್ದು ತೊಂಬತ್ತನಾಲ್ಕರ ಮಳೆಗಾಲದಲ್ಲಿ. ನಮ್ಮ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಸೌದೆಯನ್ನು ಎಲ್ಲಿ ಪೇರಿಸಿಟ್ಟರೂ ಒದ್ದೆಯೇ. ಹಸಿ ಸೌದೆ ಹೊತ್ತುವುದಕ್ಕಿಂತ ಹೆಚ್ಚು ಹೊಗೆಯಾಡುತ್ತದೆ. ಊದುಕೊಳವೆ ಹಿಡಿದು ಊದಬೇಕು. ಉಸಿರೇ ಇಲ್ಲದವಳು ಒಲೆಗೆ ಉಸಿರು ಕೊಡಬೇಕು, ಆ ಒಲೆ ಅವಳಿಗೆ ತಿರುಗಿ ಹೊಗೆ ಕೊಡಬೇಕು. ಬೆಳಗಿನ ಹೊತ್ತು ಅವಳ ಅಡುಗೆಮನೆಯಿಂದ ಕೇಳುತ್ತಿದ್ದ ಸದ್ದು ನಮ್ಮ ಹಿತ್ತಿಲಿನವರೆಗೂ ಬರುತ್ತಿತ್ತು. ಸೀಮೆಎಣ್ಣೆ ಸ್ಟೌ ಹಚ್ಚಿ ನೋಡಿದಳು, ಆ ವಾಸನೆಗೆ ಇನ್ನೂ ಜೋರಾಯಿತು.

"ಔಷಧಿ ನಾನು ಕೊಡ್ತೀನಮ್ಮ" ಎಂದರು ಡಾಕ್ಟರು. "ಆದ್ರೆ ನೀವು ದಿನಾ ಇಷ್ಟು ಹೊಗೆ ಕುಡಿದ್ರೆ ನನ್ನ ಔಷಧಿ ಏನು ಮಾಡತ್ತೆ? ಮೊದಲು ಒಲೆ ಬದಲಾಯಿಸಿ. ತಡ ಮಾಡಿದ್ರೆ ಶ್ವಾಸಕೋಶ ವಾಪಸ್ ಬರಲ್ಲ."

ಭಟ್ಟರು ಅಲ್ಲೇ ಕಣ್ಣಲ್ಲಿ ನೀರು ತಂದುಕೊಂಡು, "ಬರೋ ಮಳೆಗಾಲದೊಳಗೆ ಗ್ಯಾಸ್ ತಂದೇ ತರೋಣ" ಎಂದರು. ಮನಸಾರೆ ಹೇಳಿದರು, ಅದರಲ್ಲಿ ಸುಳ್ಳಿಲ್ಲ. ಆದರೆ 'ತರೋಣ' ಎಂದರೆ ಯಾರು, ಯಾವತ್ತು, ಯಾವ ಬಸ್ಸಿಗೆ ಎಂದು ಅವರ ತಲೆಗೆ ಹೊಳೆಯುತ್ತಿರಲಿಲ್ಲ. ಗಂಡಸರ 'ತರೋಣ'ಕ್ಕೆ ಕಾದು ಕೂತರೆ ಆಗುವ ಕೆಲಸವೇ ಅದು! ಕಾತ್ಯಾಯಿನಿ ತಾನೇ ಮೂಡಿಗೆರೆಗೆ ಹೋಗಿ ಗ್ಯಾಸ್ ಆಫೀಸಿನಲ್ಲಿ ಹೆಸರು ಬರೆಸಿ ಬಂದಳು. ಆಗ ಗ್ಯಾಸ್ ಎಂದರೆ ವರ್ಷಗಟ್ಟಲೆ ಸರದಿ ಕಾಯಬೇಕಾದ ಕಾಲ. ಸರದಿ ಬಂದಾಗ ಕಾರ್ಡು ಬರುತ್ತದೆ, ಆ ಕಾರ್ಡಿನಲ್ಲಿ ಹಾಕಿದ ದಿನದೊಳಗೆ ಅವಳಾಗಲಿ ಗಂಡನಾಗಲಿ ರೇಷನ್ ಕಾರ್ಡಿನೊಂದಿಗೆ ಹೋಗಿ ಹಣ ಕಟ್ಟಬೇಕು, ತಪ್ಪಿದರೆ ಸರದಿ ಮುಂದಿನವರಿಗೆ ಎಂದು ಹೇಳಿ ಕಳಿಸಿದ್ದರು. ಕಾರ್ಡು ನಮ್ಮ ಅಂಗಡಿಯ ವಿಳಾಸಕ್ಕೇ ಬರಲಿ ಎಂದು ಬರೆಸಿದ್ದಳು. ಮನೆಗೆ ಬಂದರೆ ಭಟ್ಟರು ಅದನ್ನು ಪಂಚಾಂಗದೊಳಗೆ ಗುರುತಿಗೆ ಇಟ್ಟು ಮರೆಯುತ್ತಾರೆ ಎಂಬುದೂ ಅವಳ ಯೋಜನೆಯೊಳಗೆ ಸೇರಿತ್ತು.

ಹಪ್ಪಳ, ಬಾಳಕದ ಮೆಣಸಿನಕಾಯಿ ಮಾಡಿ ಹೊರನಾಡಿನ ಅಂಗಡಿಗಳಿಗೆ ಕಳಿಸಿ, ಗ್ಯಾಸಿಗೆಂದು ಅವಳು ಹಣ ಕೂಡಿಡತೊಡಗಿದಳು. ತೊಂಬತ್ತಾರರಲ್ಲಿ ಭಟ್ಟರ ಅಕ್ಕನ ಗಂಡ ಮನೆಗೆ ಬಂದ. ಆ ಭಾವ ಯಾವುದೋ ತೇಗದ ಗಿಡದ ಸ್ಕೀಮಿಗೆ ಏಜೆಂಟನಾಗಿದ್ದ. ಎಲ್ಲೋ ಬಯಲುಸೀಮೆಯಲ್ಲಿ ನಿಮ್ಮ ಹೆಸರಿನಲ್ಲಿ ಒಂದು ತೇಗದ ಗಿಡ ನೆಡುತ್ತಾರೆ, ಇಪ್ಪತ್ತು ವರ್ಷಕ್ಕೆ ಲಕ್ಷಾಧಿಪತಿಗಳಾಗುತ್ತೀರಿ ಎಂದ. ಸುತ್ತಲೂ ಕಾಡೇ ಇರುವ ಊರಿನಲ್ಲಿ ಕೂತು ಕಣ್ಣಿಗೆ ಕಾಣದ ಮರ ಕೊಳ್ಳುವುದೇ? ಭಟ್ಟರಿಗೂ ಅದು ಗೊತ್ತಿತ್ತು. ಆದರೆ ಅಕ್ಕನ ಗಂಡ. ಮೇಲಾಗಿ ಬರುವಾಗ ಮೈಸೂರುಪಾಕು ತಂದಿದ್ದ. "ಮನೇಲಿ ದುಡ್ಡಿದ್ಯೇನೋ?" ಎಂದು ಕೇಳಿದ. ಇವರು "ಇದೆ" ಎಂದರು. ಕಾತ್ಯಾಯಿನಿ ಕೆರೆಯಿಂದ ಬರುವಷ್ಟರಲ್ಲಿ ಹಣ ಭಾವನ ಚೀಲ ಸೇರಿತ್ತು.

ಆ ಮಳೆಗಾಲವನ್ನೂ ಅವಳು ಊದುಕೊಳವೆ ಹಿಡಿದೇ ಕಳೆದಳು. ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು ಒಂದು ಚೂರು ಬಿಳಿ ಬಟ್ಟೆ ಕೇಳಿದಳು. ನಾನು ಕೊಟ್ಟೆ. ಅದಕ್ಕೆ ಅರಿಶಿನ ಹಚ್ಚಿ ಒಣಗಿಸಿ, ಆವರೆಗೆ ಮತ್ತೆ ಕೂಡಿಸಿದ್ದ ಹಣವನ್ನು ಅದರಲ್ಲಿಟ್ಟು ಬಿಗಿಯಾಗಿ ಗಂಟು ಕಟ್ಟಿದಳು.

"ಇದೇನೇ, ಮುಡಿಪು ಕಟ್ತಿದೀಯಾ? ಯಾವ ಹರಕೆ?"

"ಹರಕೆ ಏನಿಲ್ಲ. ಒಲೆ ದುಡ್ಡು. ಅಕ್ಕಿ ಡಬ್ಬದ ತಳದಲ್ಲಿಡ್ತೀನಿ. ಅವ್ರು ಅಲ್ಲಿ ಕೈ ಹಾಕಲ್ಲ. ಹಾಕಿದ್ರೂ ಹಳದಿ ಬಟ್ಟೆ ನೋಡಿದ ಕೂಡ್ಲೇ ದೇವರದ್ದು ಅಂತ ಬಿಡ್ತಾರೆ. ಭಾವ ಅಲ್ಲ, ಭಾವನ ಅಪ್ಪ ಬಂದು ಕೇಳಿದ್ರೂ ದೇವರ ದುಡ್ಡು ಕೊಡಲ್ಲ."

"ಅವ್ರಿಗೇ ಒಂದು ಮಾತು ಹೇಳಬಾರ್ದಾ? ನಿನಗೇ ಅಂತ ಗೊತ್ತಿದ್ರೆ..."

"ಹೇಳಿದ್ರೆ ಅವ್ರಿಗೆ ಸುಳ್ಳು ಹೇಳೋಕೆ ಬರಲ್ಲ ರುದ್ರಾಣಿ. ದುಡ್ಡಿದ್ಯಾ ಅಂದ್ರೆ ಇದೆ ಅಂತಾರೆ. ಗೊತ್ತಿಲ್ದೆ ಇರೋದೇ ಅವ್ರಿಗೂ ಕ್ಷೇಮ."

"ದೇವರ ಹೆಸರಲ್ಲಿ ಆಟ ಆಡ್ಬಾರ್ದು ಮಾರಾಯ್ತಿ."

"ಹೊರನಾಡಿನ ಅಮ್ಮನೂ ಸೌಟು ಹಿಡಿದವಳೇ ಅಲ್ವಾ? ಅವಳಿಗೆ ಅರ್ಥ ಆಗತ್ತೆ ಬಿಡು" ಎಂದು ನಕ್ಕಳು.

ಉಳಿದದ್ದನ್ನೂ ನನ್ನ ಮುಂದೆ ಹೇಳಿ ಮುಗಿಸಿದಳು. ಕಾರ್ಡು ಬಂದ ಎರಡು ಮೂರು ದಿನದೊಳಗೆ ಮೊದಲ ಬಸ್ಸಿಗೆ ಮೂಡಿಗೆರೆ. ಬಸ್ಸು ಇಲ್ಲದಿದ್ದರೆ ಚಂದ್ರಶೇಖರಪ್ಪನ ಬಾಡಿಗೆ ಜೀಪು, ಸಿಲಿಂಡರ್ ಹೇಗಿದ್ದರೂ ಅದರಲ್ಲೇ ಬರಬೇಕು. ತನಗೆ ಉಬ್ಬಸ ಬಂದಿದ್ದರೆ ಜೊತೆಗೆ ನಾನು. ಎರಡು ಉರಿಯ ಸ್ಟೌ ನಮ್ಮ ಅಂಗಡಿಯ ಅಟ್ಟದ ಮೇಲೆ ಅವಳಿಗೆಂದೇ ಎತ್ತಿಟ್ಟಾಗಿತ್ತು. ಅಡುಗೆಮನೆಯಲ್ಲಿ ಸ್ಟೌ ಇಡುವ ಕಟ್ಟೆಯೂ ಎದ್ದಿತ್ತು. 'ದೇವರ ಸಾಮಾನು ಇಡೋಕೆ' ಎಂದು ಭಟ್ಟರಿಗೆ ಹೇಳಿ ಅವರ ಕೈಯಿಂದಲೇ ಗಾರೆಯವರನ್ನು ಕರೆಸಿದ್ದಳು. ಒಂದು ತಪ್ಪಿದರೆ ಇನ್ನೊಂದು, ಅದೂ ತಪ್ಪಿದರೆ ಮತ್ತೊಂದು ಎಂದು ಅವಳು ಹೇಳುತ್ತಾ ಹೋದಾಗ ನನಗೆ ಮೊದಲ ಸಲ ಇವಳು ಗೆದ್ದೇ ಗೆಲ್ಲುತ್ತಾಳೆ ಅನ್ನಿಸಿತು.

ತೊಂಬತ್ತೇಳರ ಮೇ ತಿಂಗಳಲ್ಲಿ ಕಾರ್ಡು ಬಂತು. ನಾನೇ ಓಡಿಹೋಗಿ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, "ನಿನ್ನ ಹತ್ರಾನೇ ಇರ್ಲಿ, ಸೋಮವಾರ ಹೋಗೋಣ" ಎಂದಳು. ಸೋಮವಾರಕ್ಕೆ ಮುಂಚೆ ಶನಿವಾರ ಬಂತಲ್ಲ. ಆ ಸಂಜೆ ಮುಂಗಾರಿಗೆ ಮೊದಲಿನ ಗಾಳಿಮಳೆ ಹೊಡೆದು, ಸೂರಿನಡಿಯ ಸೌದೆಯೆಲ್ಲ ತೊಯ್ದುಹೋಯಿತು. ಇನ್ನು ಎರಡು ದಿನ ತಾನೇ ಎಂದು ಅವಳು ಒಲೆಯ ಮುಂದೆ ಕೂತು ಊದಿದಳಂತೆ. ಭಟ್ಟರು ಕೂಗಿಕೊಂಡದ್ದು ಕೇಳಿ ನಾವು ಹೋಗುವಾಗ ತುಟಿ ನೀಲಿಗಟ್ಟಿತ್ತು. ಚಂದ್ರಶೇಖರಪ್ಪನ ಜೀಪು ಅವಳ ಯೋಜನೆಯಂತೆಯೇ ಬಂತು, ಆದರೆ ಅವಳನ್ನು ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ಯಲು ಬಂತು.

ಜೊತೆಗೆ ನಾನೂ ಹೋದೆ. ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿ ಮಲಗಿಸಿದರು. ಜೀವಕ್ಕೆ ಭಯವಿಲ್ಲ, ಆದರೆ ಒಂದು ವಾರ ಏಳಿಸಬೇಡಿ ಎಂದರು. ಸೋಮವಾರ ಬೆಳಿಗ್ಗೆ ಭಟ್ಟರು ಬಟ್ಟೆಬರೆ ತರಲು, ಮನೆದೇವರ ಪೂಜೆಗೆ ಯಾರಿಗಾದರೂ ಹೇಳಿ ಬರಲು ಕಳಸಕ್ಕೆ ಹೋದರು. ಮಂಗಳವಾರ ಮಧ್ಯಾಹ್ನ ವಾಪಸ್ ಬಂದರು. ಬಂದವರ ಮುಖ ನೋಡಿ ನನಗೆ ಆಶ್ಚರ್ಯವಾಯಿತು. ಕಾಲಿಗೆ ಚಪ್ಪಲಿ ಇರಲಿಲ್ಲ, ಪಾದ ಒಡೆದು ಕೆಸರಾಗಿತ್ತು, ಮುಖ ಮಾತ್ರ ತಿಳಿಯಾಗಿತ್ತು. ಅವಳ ಮಂಚದ ಪಕ್ಕ ಕೂತು ಎಲೆಯಲ್ಲಿ ಕಟ್ಟಿದ್ದ ಕುಂಕುಮ ಬಿಚ್ಚಿದರು.

"ಕಾತ್ಯಾಯಿನೀ, ನಿನ್ನ ಮುಡಿಪು ತೀರಿಸಿ ಬಂದೆ."

ಅವಳು ಕಣ್ಣು ತೆರೆದಳು.

"ಅನ್ನಕ್ಕಿಡೋಣ ಅಂತ ಅಕ್ಕಿ ಡಬ್ಬಕ್ಕೆ ಕೈ ಹಾಕ್ದೆ. ಸಿಕ್ತು" ಎಂದರು ಭಟ್ಟರು. "ಮಗೂಗೆ ಅಂತ ಕಟ್ಟಿದ್ದಲ್ವಾ? ಅಮ್ಮ ಕೊಡ್ಲಿಲ್ಲ. ನೀನು ತೀರಿಸೋಕೂ ಆಗ್ದೆ, ಬಿಚ್ಚೋಕೂ ಮನಸ್ಸಾಗ್ದೆ, ಇಷ್ಟು ವರ್ಷ ಒಬ್ಳೇ ಇಟ್ಕೊಂಡಿದ್ಯಲ್ಲ. ನನ್ನ ಹತ್ರ ಒಂದು ಮಾತು ಹೇಳಬಾರ್ದಾಗಿತ್ತಾ? ಅವಳು ಕೊಡ್ಲಿ ಬಿಡ್ಲಿ, ಅವಳ ಹೆಸರಲ್ಲಿ ಕಟ್ಟಿದ್ದು ಅವಳಿಗೆ ಸೇರ್ಬೇಕು. ಇಲ್ದಿದ್ರೆ ನಿನ್ನ ಉಸಿರು ನೆಟ್ಟಗಾಗಲ್ಲ ಅನ್ನಿಸ್ತು. ಗಂಟು ಬಿಚ್ಚಿಯೂ ನೋಡ್ಲಿಲ್ಲ. ಹೊರನಾಡ್ವರೆಗೂ ನಡ್ಕೊಂಡೇ ಹೋಗಿ ಹುಂಡಿಗೆ ಹಾಕಿ ಕೈ ಮುಗಿದು ಬಂದೆ."

ಸ್ವಲ್ಪ ತಡೆದು, ಪರೀಕ್ಷೆ ಪಾಸಾದ ಮಗುವಿನ ದನಿಯಲ್ಲಿ ಮುಂದುವರಿಸಿದರು: "ಹೊರಡುವಾಗ ಸೋಮಶೇಖರಪ್ಪನವ್ರು ಕಾಫಿಗೆ ಕರೆದ್ರು. ಉಪವಾಸ ಅಂದೆ. ಅರ್ಧ ಲೋಟಾನೂ ಕುಡೀಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಭಾವ ಸಿಕ್ಕಿ, ಸ್ಕೀಮಿಗೆ ಇನ್ನೊಂದು ಕಂತು ಕಟ್ಟು ಅಂದ. ಇಲ್ಲ ಅಂದೆ. ಕಾತ್ಯಾಯಿನೀ, ನಾನು ಇಲ್ಲ ಅಂದೆ!"

ಹದಿನೈದು ವರ್ಷ ಅವಳು ಬಡಿದುಕೊಂಡು ಕಲಿಸಿದ ಪಾಠವನ್ನು ಅವರು ಕೊನೆಗೂ ತಪ್ಪಿಲ್ಲದೆ ಒಪ್ಪಿಸಿದ್ದರು. ಒಲೆಯ ಹಣವನ್ನು ಅಷ್ಟು ಭದ್ರವಾಗಿ, ಯಾರ ದಾಕ್ಷಿಣ್ಯಕ್ಕೂ ಬೀಳದೆ, ಹುಂಡಿಯವರೆಗೆ ಮುಟ್ಟಿಸಿದ್ದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಕಾತ್ಯಾಯಿನಿ ಒಮ್ಮೆ ನನ್ನ ಕಡೆ ನೋಡಿ, ಬೆರಳಿನಿಂದ ಕುಂಕುಮ ತೆಗೆದು ಹಣೆಗೆ ಹಚ್ಚಿಕೊಂಡಳು.

"ಒಳ್ಳೇದಾಯ್ತು" ಎಂದಳು.

ಭಟ್ಟರು ಕಾಲು ತೊಳೆಯಲು ಹೋದಾಗ ನಾನು ಅವಳ ಮೇಲೆ ಬಗ್ಗಿದೆ. ಕಾರ್ಡು ನನ್ನ ಚೀಲದಲ್ಲೇ ಇತ್ತು. ಮರುದಿನ ಬುಧವಾರವೇ ಕೊನೆಯ ದಿನ.

"ಇವಾಗ್ಲೇ ಹೇಳು. ದುಡ್ಡು ನಾನು ಕೊಡ್ತೀನಿ, ಬೇಕಾದ್ರೆ ಈ ಬಳೆ ಬಿಚ್ಚಿ ಕೊಡ್ತೀನಿ. ರೇಷನ್ ಕಾರ್ಡು ಅವ್ರ ಚೀಲದಲ್ಲೇ ಇದೆ, ಆಸ್ಪತ್ರೆಗೆ ಬೇಕಾಗತ್ತೆ ಅಂತ ತಂದಿದಾರೆ. ಇಲ್ಲಿಂದ ಮೂಡಿಗೆರೆ ಏನು ಮಹಾ ದೂರ? ಬೆಳಿಗ್ಗೆ ಹೋದ್ರೆ ಮಧ್ಯಾಹ್ನಕ್ಕೆ ವಾಪಸ್."

"ಏನಂತ ಹೇಳ್ಲಿ? ಕಾರ್ಡು ತೋರಿಸಿದ್ರೆ ಹಪ್ಪಳದ ದುಡ್ಡು ಏನಾಯ್ತು ಅಂತ ಕೇಳ್ತಾರೆ. ಅದು ಮಗೂಗಲ್ಲ, ಒಲೆಗೆ ಅಂತನಾ?"

"ಹೌದು! ಹಾಗೇ ಹೇಳು!"

"ಅವ್ರ ಪಾದ ನೋಡಿದ್ಯಾ?"

"ನಿನ್ನ ತುಟಿ ನೋಡಿದ್ದೆ ನಾನು" ಎಂದೆ. ಸಿಟ್ಟಿನಲ್ಲಿ ನನ್ನ ದನಿ ಏರಿ ಪಕ್ಕದ ಮಂಚದವರೂ ತಿರುಗಿದರು.

ಅವಳು ಒಮ್ಮೆ ನನ್ನ ಚೀಲದ ಕಡೆ, ಒಮ್ಮೆ ಬಾಗಿಲ ಕಡೆ ನೋಡಿದಳು. ಎದೆ ಒಂದೇ ಸಮನೆ ಏರಿಳಿಯುತ್ತಿತ್ತು. ಆಮೇಲೆ, "ನಾಳೆ ಬೆಳಿಗ್ಗೆ ಹೇಳ್ತೀನಿ" ಎಂದಳು. 'ನಾಳೆ ನೋಡೋಣ' ಎನ್ನುವವರನ್ನು ಕಂಡರೆ ಉರಿದುಬೀಳುತ್ತಿದ್ದವಳ ಬಾಯಿಂದ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಅಂಗಡಿಯವರು, ಭಾವ, ಬಸ್ಸು, ಮಳೆ ಎಲ್ಲದಕ್ಕೂ ಅವಳು ಉತ್ತರ ಕಟ್ಟಿಟ್ಟುಕೊಂಡಿದ್ದಳು. ಕೆಸರುಗಾಲಿನಲ್ಲಿ ಕುಂಕುಮ ಹಿಡಿದು ಬರುವ ಗಂಡನಿಗೆ ಉತ್ತರ ಕಟ್ಟಿಟ್ಟಿರಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿಂತಿದ್ದೆ. ಭಟ್ಟರು ಚಮಚದಲ್ಲಿ ಅವಳಿಗೆ ಗಂಜಿ ಕುಡಿಸುತ್ತಿದ್ದರು. ಅವಳು ಬಾಯಿ ತೆರೆದು ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅವರೇ ಮಾತು ತೆಗೆದರು.

"ಹೆಣ್ಣಾದ್ರೆ ಪಂಚಮಿ ಅಂತ ಇಡ್ಬೇಕು ಅಂದ್ಕೊಂಡಿದ್ದೆ ನಾನು. ಯಾರ ಹತ್ರಾನೂ ಹೇಳಿರ್ಲಿಲ್ಲ. ನೀನು?"

ಅವಳು ಗಂಜಿ ನುಂಗಿ ಅವರ ಮುಖವನ್ನೇ ನೋಡುತ್ತಿದ್ದಳು. ಆ ಮಾತು ನಿಲ್ಲಿಸಿದ ಅಷ್ಟು ವರ್ಷಗಳ ಮೇಲೆ ಅವರಿಬ್ಬರೂ ಮತ್ತೆ ಅದನ್ನು ಆಡಿದ್ದು ಅಂದೇ. ಅವಳೂ ಒಂದು ಹೆಸರು ಹೇಳಿದಳು, ಗಂಡು ಮಗುವಿನದು. ಭಟ್ಟರು ನಕ್ಕು, ಆಮೇಲೆ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ಹೊರಗೆ ವರಾಂಡಕ್ಕೆ ಬಂದು ಗೋಡೆಗೆ ತಲೆಯಾನಿಸಿ ನಿಂತೆ. ಮೂಡಿಗೆರೆಯ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಮಧ್ಯಾಹ್ನ ಒಳಗೆ ಹೋದಾಗ ಅವಳು ನನ್ನ ಕೈ ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡು, ಈ ವಿಷಯ ಅವರಿಗೆ ಎಂದೂ ಹೇಳಕೂಡದು ಎಂದು ಆಣೆ ಹಾಕಿಸಿದಳು.

"ಅವತ್ತು ನೀನು ಅರ್ಧ ಹೇಳಿ ನಿಲ್ಲಿಸಿದ್ಯಲ್ಲ ಗಾದೆ" ಎಂದಳು. "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ಲ ಅಂತ. ಅವ್ರಿಗಲ್ಲ ನೋಡು, ನಂಗೇ ಆಯ್ತು ಅದು."

ಮುಂದಿನ ವಾರ ಯಜಮಾನರು ಮೂಡಿಗೆರೆಗೆ ಹೋಗಿ ಕೇಳಿದಾಗ, ಸರದಿ ದಾಟಿದೆ, ಮತ್ತೆ ಹೆಸರು ಬರೆಸಿ ಎಂದರು. ಹೊರನಾಡಿಗೆ ಹೋಗಿ ವಿಷಯ ಹೇಳಿ ನೋಡಬಹುದಿತ್ತೇನೋ. ನಾನು ಆ ಮಾತೆತ್ತಿದ್ದಕ್ಕೆ ಕಾತ್ಯಾಯಿನಿ ಕೈ ಅಡ್ಡ ಮಾಡಿದಳು. "ಅಮ್ಮನ ಮನೆ ಒಲೆಗೆ ಸೇರ್ತು ಬಿಡು. ದಿನಾ ಎಷ್ಟೋ ಜನ ಉಣ್ತಾರೆ ಅಲ್ಲಿ" ಎಂದಳು. ಅವಳು ಹೇಗೋ ಸಮಾಧಾನ ಮಾಡಿಕೊಂಡಳು, ನನಗೆ ಇವತ್ತಿಗೂ ಆಗಿಲ್ಲ. ಆ ಮಳೆಗಾಲದಲ್ಲಿ ಬೆಳಗಿನ ಹೊತ್ತು ಬೇಲಿಯಾಚೆಯ ಸದ್ದು ಕೇಳಿದಾಗಲೆಲ್ಲ ಆಣೆ ಮುರಿದುಬಿಡೋಣ ಎಂದು ಓಣಿಯವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ನಾನು ಕೈಲಾದಷ್ಟು ನಮ್ಮ ಮನೆಯ ಒಣ ಸೌದೆ ದಾಟಿಸಿದೆ. ಅದರ ಮುಂದಿನ ಮಳೆಗಾಲ ಇನ್ನೂ ಕಠಿಣವಾಗಿತ್ತು. ಅವಳು ಪೇಟೆಯ ಏರು ಹತ್ತುವುದನ್ನು ಬಿಟ್ಟಳು. ಮೂರನೆಯ ಮಳೆಗಾಲದ ಹೊತ್ತಿಗೆ ಅಡುಗೆಮನೆಯಿಂದ ಜಗಲಿಗೆ ಬರಲು ನಡುವೆ ಒಮ್ಮೆ ಕೂರಬೇಕಾಗುತ್ತಿತ್ತು. ಡಾಕ್ಟರು ಹೇಳಿದ್ದು ಸರಿಯಾಗಿತ್ತು, ಹೋದದ್ದು ವಾಪಸ್ ಬರಲಿಲ್ಲ.

ಆದರೆ ಈ ಸಲ ಅವಳು ಯೋಜನೆಯನ್ನು ಅಕ್ಕಿ ಡಬ್ಬದಲ್ಲಿ ಹೂಳಲಿಲ್ಲ. ಹೆಸರು ಬರೆಸಲು ಭಟ್ಟರನ್ನೇ ಕಳಿಸಿದಳು. ಸಂಜೆ ಜಗಲಿಯ ಮೇಲೆ ಇಬ್ಬರೂ ಎದುರುಬದುರು ಕೂರುವುದು, ಅವಳು ಕೇಳುವುದು, ಅವರು ಹೇಳುವುದು. ಬೇಲಿಯಾಚೆ ನಾನು ಬಟ್ಟೆ ಒಣಹಾಕುತ್ತಾ ಕೇಳಿಸಿಕೊಳ್ಳುತ್ತಿದ್ದೆ.

"ಭಾವ ಬಂದು ದುಡ್ಡು ಕೇಳಿದ್ರೆ?"

"ಅದು ಕಾತ್ಯಾಯಿನಿ ಉಸಿರಿಗೆ ಇಟ್ಟಿದ್ದು ಅಂತೀನಿ."

"ಪಾಪ, ಅವರ ಮುಖ ಸಪ್ಪಗಾದ್ರೆ?"

ಭಟ್ಟರು ಯೋಚಿಸಿ, "ಅವರ ಮುಖ ನೋಡಲ್ಲ. ನಿನ್ನ ಮುಖ ನೆನೆಸ್ಕೋತೀನಿ" ಎಂದರು.

ಎರಡು ಸಾವಿರನೇ ಇಸವಿಯ ಬೇಸಿಗೆಯಲ್ಲಿ ಸರದಿ ಬಂತು. ಮರುದಿನವೇ ಭಟ್ಟರು ಮೊದಲ ಬಸ್ಸಿಗೆ ಹೊರಟರು. ಅವರು ಜಗಲಿ ಇಳಿಯುವಾಗ ಕಾತ್ಯಾಯಿನಿ ಅವರ ಶಲ್ಯದ ತುದಿಗೆ ಒಂದೇ ಒಂದು ಗಂಟು ಹಾಕಿದಳು. ಸಂಜೆಯಾದರೂ ಬರಲಿಲ್ಲ. ಅವಳು ಬಾಗಿಲಿನ ಕುರ್ಚಿಯಲ್ಲಿ, ನಾನು ಮೆಟ್ಟಿಲ ಮೇಲೆ. ಶಾವಿಗೆ ಮಿಷನ್ನು ಇಬ್ಬರ ತಲೆಯಲ್ಲೂ ಇತ್ತೆಂದು ಕಾಣುತ್ತದೆ. ದೀಪ ಹಚ್ಚುವ ಹೊತ್ತಿಗೆ ಚಂದ್ರಶೇಖರಪ್ಪನ ಜೀಪು ಓಣಿಯೊಳಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಭಟ್ಟರು ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತಿದ್ದರು.

"ಆಫೀಸಲ್ಲಿ ಕುಕ್ಕರೂ ತಗೊಳ್ಳಿ ಭಟ್ರೇ ಅಂತ ಒಬ್ಬ ಗಂಟುಬಿದ್ದ" ಎಂದರು ಇಳಿಯುತ್ತಾ. "ಏನು ಹೇಳ್ಬೇಕು ತೋಚಲಿಲ್ಲ. ಉಪವಾಸ ಅಂದೆ. ಬಿಟ್ಬಿಟ್ಟ."

ನಮ್ಮ ಅಟ್ಟದ ಮೇಲೆ ಮೂರು ವರ್ಷ ಧೂಳು ಹಿಡಿದು ಕಾದಿದ್ದ ಸ್ಟೌವನ್ನು ಯಜಮಾನರು ಒರೆಸಿ ತಂದು, ದೇವರ ಸಾಮಾನಿಗೆಂದು ಕಟ್ಟಿದ ಕಟ್ಟೆಯ ಮೇಲಿಟ್ಟರು. ಕಾತ್ಯಾಯಿನಿಗೆ ಅದರ ಮುಂದೆ ನಿಲ್ಲಲು ಆಗಲಿಲ್ಲ. ಹೊಸ್ತಿಲ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ಭಟ್ಟರೇ ಕಡ್ಡಿ ಗೀರಿ ಹಚ್ಚಿದರು. ಹೊಗೆಯಿಲ್ಲದೆ ನೀಲಿ ಉರಿ ಎದ್ದಿತು. ಹಾಲು ಉಕ್ಕಿಸಿ, ಕಾಫಿ ಮಾಡಿ, ಮೊದಲ ಲೋಟ ತಂದು ಅವಳ ಕೈಗಿತ್ತರು.

"ನೋಡಿದ್ಯಾ ಕಾತ್ಯಾಯಿನೀ" ಎಂದರು. "ಅವತ್ತು ಮುಡಿಪು ತೀರಿಸಿದ್ದು ಸುಮ್ನೆ ಹೋಗ್ಲಿಲ್ಲ. ಅಮ್ಮ ಮಗು ಕೊಡ್ಲಿಲ್ಲ, ಒಲೆ ಕೊಟ್ಲು."

ನಾನು ಲೋಟ ಕೆಳಗಿಟ್ಟೆ. ಆಣೆ, ಗೀಣೆ ಎಲ್ಲ ಮರೆತು ಬಾಯಿ ತೆರೆದೇ ಬಿಟ್ಟಿದ್ದೆ. ಅಷ್ಟರಲ್ಲಿ ಕಾತ್ಯಾಯಿನಿ ನನ್ನ ಕಡೆ ನೋಡದೆ ಗಂಡನಿಗೆ ಹೇಳಿದಳು.

"ನಾನು ಕೇಳಿದ್ದೂ ಅದನ್ನೇ."

ಭಟ್ಟರು ಗಟ್ಟಿಯಾಗಿ ನಕ್ಕರು. ಒಳ್ಳೆಯ ತಮಾಷೆ ಎಂದುಕೊಂಡರು, ಪಾಪ. ಅವಳೂ ನಗಲು ಹೋದಳು. ನಗು ಅರ್ಧಕ್ಕೇ ಕೆಮ್ಮಾಯಿತು, ನಾನು ಅವಳ ಬೆನ್ನು ನೀವುತ್ತಾ ನಿಂತೆ. ಭಟ್ಟರು ಅವಳ ಲೋಟ ಆರಿತೆಂದು ಮತ್ತೆ ಬಿಸಿ ಮಾಡಲು ಒಳಗೆ ಹೋದರು.